ಪ್ಯಾಕೆಟ್ಟಿನ ಮೇಲಿನ ಹೆಸರು

ಫೆಬ್ರವರಿ ೩

ಅಕ್ಕಾ,

ನಾನು ಚೆನ್ನಾಗಿದ್ದೀನಿ, ನೀನೂ ಚೆನ್ನಾಗಿರ್ತೀಯ, ಭಾವ ಮತ್ತು ಅವರ ಬೀಗದಂಗಡಿಯೂ ಚೆನ್ನಾಗಿರುತ್ತೆ. ಅಲ್ಲಿಗೆ ಶಾಸ್ತ್ರ ಮುಗೀತು. ಈಗ ನನ್ನ ಗೋಳು ಕೇಳು.

ನಮ್ಮ ಕಂಪನಿ ಪ್ಯಾಡ್ ಮಾಡಿ ದೇಶದೇಶಕ್ಕೆ ಕಳಿಸುತ್ತೆ ಅನ್ನೋದು ನಿನಗೆ ಗೊತ್ತು. ಪ್ಯಾಕೆಟ್ಟಿನ ಮೇಲೆ ಏನು ಬರೀಬೇಕು ಅಂತ ನೋಡೋದು ನನ್ನ ಕೆಲಸ ಅನ್ನೋದೂ ಗೊತ್ತು. ನೀನು ಮಾತ್ರ ಎಲ್ಲರಿಗೂ 'ತಂಗಿ ಪ್ರಿಂಟಿಂಗ್‌ನಲ್ಲಿದ್ದಾಳೆ' ಅಂತ ಹೇಳ್ಕೊಂಡು ತಿರುಗ್ತೀಯ, ಇರಲಿ. ಈಗ ನಮ್ಮ ಮ್ಯಾನೇಜರ್ ಮೇಡಂಗೆ ಹೊಸ ಹುಚ್ಚು ಹಿಡಿದಿದೆ. ಇಂಗ್ಲಿಷ್ ಮಾತಾಡೋ ಅಷ್ಟೂ ದೇಶಕ್ಕೆ ಒಂದೇ ಹೆಸರು ಹುಡುಕಬೇಕಂತೆ! ಹುಡುಕಿ ಹುಡುಕಿ ನನ್ನ ತಲೆ ಮೊಸರು ಗಡಿಗೆ ಆಗಿದೆ. ಒಂದು ಕಡೆ ಸ್ಯಾನಿಟರಿ ನ್ಯಾಪ್‌ಕಿನ್ ಅಂತಾರೆ, ಒಂದು ಕಡೆ ಸ್ಯಾನಿಟರಿ ಟವೆಲ್, ಇನ್ನೊಂದು ಕಡೆ ಬರೀ ಪ್ಯಾಡ್. ಮತ್ತೊಂದು ಕಡೆ ಯಾರು ಮಾಡಿದ್ದಾದರೂ ಸರಿ, ಮೊದಲು ಬಂದ ಕಂಪನಿಯ ಹೆಸರು ಹಿಡಿದೇ ಕೇಳ್ತಾರೆ. ಒಂದೇ ಭಾಷೆ ತಾನೇ? ಒಂದೇ ವಸ್ತು ತಾನೇ? ನನಗಂತೂ ತಲೆಬುಡ ಅರ್ಥವಾಗ್ತಿಲ್ಲ.

ನೀನು ಆ ಇಂಗ್ಲಿಷ್ ದೇಶಕ್ಕೆ ಹೋಗಿ ಇಷ್ಟು ವರ್ಷ ಆಯ್ತಲ್ಲ, ಅಲ್ಲಿನ ಹೆಂಗಸರು ಏನಂತಾರೆ ಹೇಳು. ಪ್ಯಾಕೆಟ್ ಮೇಲೆ ಬರೆದಿರೋದಲ್ಲ, ಬಾಯಲ್ಲಿ ಅನ್ನೋದು. ಅಂಗಡಿಯಲ್ಲಿ ಹೇಗೆ ಕೇಳ್ತಾರೆ, ಪಕ್ಕದವಳ ಹತ್ತಿರ ಅರ್ಜೆಂಟಾಗಿ ಒಂದು ಬೇಕಾದರೆ ಏನಂತಾರೆ, ಅವರು ಆಡೋ ಮಾತು ಆಡೋ ಹಾಗೇ ಬರೆದು ಕಳಿಸು. ಫೋನಲ್ಲೇ ಕೇಳಬಹುದಿತ್ತು. ಆದರೆ ಹೋದ ಸಲ ಆ ಮಾತು ತೆಗೆದ ಕೂಡಲೇ ನೀನು 'ಹೂಂ, ಹೂಂ, ಇಲ್ಲಿ ಬಿಸಿಲು ಚೆನ್ನಾಗಿದೆ' ಅಂದು ಫೋನನ್ನು ಭಾವನ ಕೈಗೆ ಕೊಟ್ಟೆ. ಅದಕ್ಕೇ ಕಾಗದ.

ನಿನ್ನ ತಲೆಹರಟೆ


ಫೆಬ್ರವರಿ ೧೯

ಲೇ ತಲೆಹರಟೆ,

ನಿನ್ನನ್ನ ಅಷ್ಟು ಓದಿಸಿದ್ದು ಇದಕ್ಕೇನಾ? ಕಾಗದ ಬಂದಾಗ ನಿಮ್ಮ ಭಾವ ಎದುರಿಗೇ ಕೂತಿದ್ದರು. 'ಏನಂತೆ ತಂಗಿ?' ಅಂದರು. 'ಬೆಳೆದ ಹುಡುಗಿಯ ವಿಷಯ, ಈಗಲೇ ಹೇಳೋದಲ್ಲ' ಅಂದೆ. ಪಾಪ, ನಿನಗೆ ಮದುವೆ ಗೊತ್ತಾಯ್ತು ಅಂದುಕೊಂಡು ಸಂಜೆಯೆಲ್ಲ ಖುಷಿಯಾಗಿದ್ದರು.

ನಾನು ಕೆಲಸ ಮಾಡೋ ಹೋಟೆಲಿನ ಲಾಂಡ್ರಿಯಲ್ಲಿ ಎಲ್ಲ ಸೇರಿ ಒಂಬತ್ತು ಜನ ಹೆಂಗಸರು. ವಯಸ್ಸಾದವರು ಟವೆಲ್ ಅಂತಾರೆ. ದಿನಾ ಗಾಡಿಗಟ್ಟಲೆ ಟವೆಲ್ ಮಡಿಸೋ ಜಾಗ ಇದು, ಯಾವ ಟವೆಲ್ ಅಂತ ಮುಖ ನೋಡಿ ತಿಳ್ಕೋಬೇಕು. ಚಿಕ್ಕ ವಯಸ್ಸಿನವರು ಪ್ಯಾಡ್ ಅಂತಾರೆ. ಸೂಪರ್‌ವೈಸರ್ ಮಾತ್ರ 'ನಿಮ್ಮ ಖಾಸಗಿ ವಸ್ತು' ಅಂತಾಳೆ, ನಾವೇನೋ ಹೋಟೆಲಿನ ಚಮಚ ಕದ್ದಿಟ್ಟುಕೊಂಡ ಹಾಗೆ. ನ್ಯಾಪ್‌ಕಿನ್ ಅಂತ ಯಾರೂ ಅನ್ನಲ್ಲ. ಬಂದ ಹೊಸತರಲ್ಲಿ ನಾನು ಹಾಗೆ ಕೇಳಿ, ಅಂಗಡಿಯ ಮುದುಕಿ ಎಳೆ ಮಗುವಿಗೆ ಕಟ್ಟೋ ಬಟ್ಟೆ ತೋರಿಸಿ 'ಎಷ್ಟು ತಿಂಗಳು?' ಅಂದಿದ್ದಳು. ಹೊಟ್ಟೆ ಮುಟ್ಟಿಕೊಂಡು ಮನೆಗೆ ಓಡಿ ಬಂದಿದ್ದೆ. ಅರ್ಜೆಂಟಿಗೆ ಏನಂತಾರೆ ಅಂತ ಕೇಳಿದೆಯಲ್ಲ, ಏನೂ ಅನ್ನಲ್ಲ ಕಣೆ. ಹತ್ತಿರ ಬಂದು 'ಇದೆಯಾ?' ಅಂತಾರೆ ಅಷ್ಟೇ. ಅದನ್ನು ಹೇಗೆ ಪ್ರಿಂಟ್ ಮಾಡ್ತೀಯೋ ಮಾಡು.

ಇನ್ನೊಂದು ವಿಷಯ. ನಂದು ನಿಂತು ಎರಡು ವರ್ಷದ ಮೇಲಾಗಿತ್ತು. ಹೋದ ತಿಂಗಳಿಂದ ಮತ್ತೆ ಕಾಣಿಸ್ತಿದೆ. ಬಂದು ಹೋಗೋ ಥರ ಇಲ್ಲ, ಇದ್ದೇ ಇರುತ್ತೆ. ನಿಮ್ಮ ಆಫೀಸಲ್ಲಿ ಇದೆಲ್ಲ ತಿಳಿದವರು ಇರ್ತಾರಲ್ಲ, ಹಾಗೇ ಮಾತಿನ ಮಧ್ಯೆ ಕೇಳಿ ನೋಡು. ನಂದು ಅಂತ ಹೇಳಬೇಡ. ಮರೀಬೇಡ.

ಅಕ್ಕ


ಮಾರ್ಚ್ ೬

ಅಕ್ಕಾ,

ನಿನ್ನ ಕಾಗದ ಓದಿ ನಮ್ಮ ಸೆಕ್ಷನ್ನಿನವರೆಲ್ಲ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕರು. 'ಖಾಸಗಿ ವಸ್ತು' ಅನ್ನೋದನ್ನ ಮೇಡಂ ಬೋರ್ಡ್ ಮೇಲೆ ಬರೆಸಿದ್ದಾರೆ. ನಿನ್ನಂಥ ಅಕ್ಕ ಎಲ್ಲರಿಗೂ ಇರಬೇಕು ಅಂತಾರೆ.

ಮತ್ತೆ ಹುಡುಗಿಯಾದೆಯಲ್ಲ, ಭಲೇ! ನೀನು ಹೇಳಿದ ಹಾಗೇ ಕೇಳಿದೆ. ಪಕ್ಕದ ಟೇಬಲ್ಲಿನವಳ ಹತ್ತಿರ, 'ಐವತ್ತು ದಾಟಿದವರಿಗೆ ಇದು ಏರುಪೇರಾಗುತ್ತಾ?' ಅಂದೆ. ಆಗೇ ಆಗುತ್ತೆ, ಹಳೇ ಟ್ಯೂಬ್‌ಲೈಟ್ ಆರೋಕೆ ಮುಂಚೆ ಮಿಣಮಿಣ ಅನ್ನಲ್ವಾ, ಹಾಗೆ ಅಂದಳು. ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ.

ಒಳ್ಳೇದೇ ಆಯ್ತು ಬಿಡು, ಹೇಗೂ ನೀನು ಅಂಗಡಿಗೆ ಹೋಗ್ತೀಯ. ಅಲ್ಲಿ ಜಾಸ್ತಿ ಹೋಗೋವರಿಗೆ ಅಂತ ಮಾಡಿರೋ ಪ್ಯಾಕೆಟ್ ಮೇಲೆ ಏನಿರುತ್ತೆ ನೋಡು. ಒಬ್ಬರು ಹೆವಿ ಅಂತಾರೆ, ಒಬ್ಬರು ಸೂಪರ್, ಇನ್ನೊಬ್ಬರು ಮ್ಯಾಕ್ಸಿ. ಈ ಮ್ಯಾಕ್ಸಿ ಒಂದು ಕಡೆ ಉದ್ದಕ್ಕೆ, ಇನ್ನೊಂದು ಕಡೆ ದಪ್ಪಕ್ಕೆ. ಮೇಡಂಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಹಾಕಿಕೊಳ್ಳೋವರಿಗಾದರೂ ಗೊತ್ತಾ ಅಂತ! ಭಾವ ಬೀಗ ರಿಪೇರಿಗೆ ಊರೆಲ್ಲ ಸುತ್ತುತ್ತಾರಲ್ಲ, ಸಿಕ್ಕಿದ ಅಂಗಡಿಯಿಂದೆಲ್ಲ ಒಂದೊಂದು ಥರದ್ದು ತರೋಕೆ ಹೇಳು. ಪಾರ್ಸಲ್ ಮಾಡಿ ಕಳಿಸು. ಕಂಪನಿ ಕೆಲಸ ಅಂತ ಹೇಳು, ನಾಚಿಕೆ ಪಡಲ್ಲ.

ತಲೆಹರಟೆ


ಮಾರ್ಚ್ ೨೪

ತಲೆಹರಟೆ,

ಭಾವನಿಗೆ ಹೇಳು ಅಂದೆಯಲ್ಲ, ಹೇಳಿದೆ. ಈಗ ಅನುಭವಿಸ್ತಿದ್ದೀನಿ. ಮೊದಲ ದಿನ ಕಿವಿಯೆಲ್ಲ ಕೆಂಪಾಗಿಸಿಕೊಂಡು ಒಂದು ಪ್ಯಾಕೆಟ್ ತಂದರು. ಎರಡನೇ ದಿನ ಮೂರು. ಈಗ ಅಂಗಡಿಯ ಹುಡುಗಿಯನ್ನ ಕರೆದು, 'ನೋಡಮ್ಮ, ಇದಕ್ಕೆ ರೆಕ್ಕೆ ಇದೆ, ಅದಕ್ಕಿಲ್ಲ, ಎರಡಕ್ಕೂ ಟವೆಲ್ ಅಂತ ಯಾಕೆ ಬರೆದಿದ್ದೀರಿ?' ಅಂತ ವಾದ ಮಾಡ್ತಾರಂತೆ. ಊಟದ ಮೇಜಿನ ಮೇಲೆ ಬೀಗದ ಕೈಗಳನ್ನು ಜೋಡಿಸಿಡೋ ಹಾಗೆ ದೊಡ್ಡದು, ಚಿಕ್ಕದು, ತೆಳ್ಳಗಿರೋದು ಅಂತ ಸಾಲಾಗಿ ಇಟ್ಟಿದ್ದಾರೆ. ಮುಖ ಊದಿಸಿಕೊಂಡಿರೋ ಮನುಷ್ಯನಿಗೆ ಇಷ್ಟು ವರ್ಷಕ್ಕೆ ಒಂದು ಆಟ ಸಿಕ್ಕಿತು. ಪಾರ್ಸಲ್ ಕಳಿಸ್ತೀನಿ.

ಜಾಸ್ತಿ ಹೋಗೋದಕ್ಕೆ ಇಲ್ಲಿ ಹೆಂಗಸರು 'ಫ್ಲಡಿಂಗ್' ಅಂತಾರೆ. ನೆರೆ ಬಂದ ಹಾಗೆ ಅಂತ. ನಮ್ಮ ಲಾಂಡ್ರಿಯಲ್ಲಿ ಒಬ್ಬಳಿದ್ದಾಳೆ, ಅವಳಿಗೆ ಹಾಗಾಗ್ತಿದೆ. ಸುತ್ತಲೂ ಬಿಳೀ ಬೆಡ್‌ಶೀಟು, ಮಧ್ಯೆ ನಿಂತುಕೊಂಡು ಇಸ್ತ್ರಿ ಮಾಡಬೇಕು. ಕೂತರೆ ಎಲ್ಲಿ ಕಲೆಯಾಗುತ್ತೋ ಅಂತ ಊಟದ ಹೊತ್ತಲ್ಲೂ ಕೂರಲ್ಲ. ಎರಡೆರಡು ಒಟ್ಟಿಗೆ ಇಟ್ಟುಕೊಂಡರೂ ಸಾಲಲ್ಲ ಅಂತಾಳೆ. ಬಾತ್‌ರೂಮಿಗೆ ಹೋಗಿ ಬಂದು ಗೋಡೆ ಹಿಡ್ಕೊಂಡು ನಿಲ್ತಾಳೆ. ಯಾರಿಗೂ ಹೇಳಿಲ್ಲ.

ಟ್ಯೂಬ್‌ಲೈಟಿನ ಮಾತು ಕೇಳಿ ಸಮಾಧಾನ ಆಯ್ತು. ಅದು ಎಷ್ಟು ದಿನ ಮಿಣಮಿಣ ಅನ್ನುತ್ತೆ ಅಂತ ನೀನು ಕೇಳಲಿಲ್ಲವಾ?

ಅಕ್ಕ


ಏಪ್ರಿಲ್ ೧೦

ಅಕ್ಕಾ, ಅಕ್ಕಾ, ಅಕ್ಕಾ!

ಫ್ಲಡಿಂಗ್! ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. ಇದು ನಮ್ಮ ಯಾವ ಪಟ್ಟಿಯಲ್ಲೂ ಇರಲಿಲ್ಲ. ನೀನು ಬರೆದಿದ್ದೀಯಲ್ಲ, 'ಕೂತರೆ ಎಲ್ಲಿ ಕಲೆಯಾಗುತ್ತೋ ಅಂತ ಊಟದ ಹೊತ್ತಲ್ಲೂ ಕೂರಲ್ಲ', ಆ ವಾಕ್ಯವನ್ನ ಇಂಗ್ಲಿಷಿಗೆ ಮಾಡಿ ದೊಡ್ಡ ಮೀಟಿಂಗಲ್ಲಿ ಪರದೆ ಮೇಲೆ ಹಾಕಿದೆವು. ಚಪ್ಪಾಳೆ ಬಿತ್ತು ಕಣೇ. ಆ ಹೆಂಗಸನ್ನ ಇನ್ನಷ್ಟು ಮಾತಾಡಿಸು. ಅವಳು ಇನ್ನೇನೇನು ಅಂತಾಳೋ ಎಲ್ಲ ಬರೆ, ಒಂದು ಪದ ಬಿಡದೆ.

ಪಾರ್ಸಲ್ ಇನ್ನೂ ಬಂದಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ತಿದ್ದೀನಿ. ಬೇಗ ಕಳಿಸು.

ತಲೆಹರಟೆ

(ಟ್ಯೂಬ್‌ಲೈಟ್ ಎಷ್ಟು ದಿನ ಅಂತ ಯಾರಿಗೆ ಗೊತ್ತು! ಒಂದಿನ ಪಕ್ಕನೆ ಆರುತ್ತೆ.)


ಏಪ್ರಿಲ್ ೨೯

ಚಿರಂಜೀವಿ ನಾದಿನಿಗೆ ಭಾವನ ಆಶೀರ್ವಾದ.

ನಾನು ಕಾಗದ ಬರೆದು ಅಭ್ಯಾಸ ಇಲ್ಲದವನು. ನಿನ್ನ ಕಾಗದ ಬಂದ ಮೇಲೆ ನಿನ್ನ ಅಕ್ಕ ಬರೀತಾಳೇನೋ ಅಂತ ಒಂದು ವಾರ ನೋಡಿದೆ, ಅವಳು ಪೆನ್ನು ಮುಟ್ಟಲಿಲ್ಲ. ಕೇಳಿದರೆ 'ಬರೆಯೋಕೆ ಏನಿದೆ?' ಅಂತಾಳೆ.

ನಾನು ಕಳಿಸಿಕೊಟ್ಟ ಸ್ಯಾಂಪಲ್‌ಗಳೆಲ್ಲ ನಿಮ್ಮ ಆಫೀಸಿಗೆ ತಲುಪಿದವಾ? ಈ ಕೆಲಸದಲ್ಲಿ ಒಂದು ವಿಷಯ ಮಾತ್ರ ನನ್ನ ತಲೆಗೆ ಹೋಗ್ತಿಲ್ಲ ಕಣಮ್ಮ. ಸ್ಯಾಂಪಲ್ ಅಂದರೆ ಒಂದು ಥರದ್ದು ಒಂದು ಸಾಕಲ್ಲವಾ? ನಾನು ಮೇಜಿನ ಮೇಲೆ ಇಡೋದೇ ತಡ, ಸಂಜೆಗೆ ಮಂಗಮಾಯ. 'ಎಲ್ಲಿ ಹೋಯ್ತು?' ಅಂದರೆ 'ತಂಗಿಗೆ ಪಾರ್ಸಲ್ ಹಾಕಿದೆ' ಅಂತಾಳೆ. ತೆಳ್ಳಗಿರೋವೆಲ್ಲ ಇದ್ದಲ್ಲೇ ಇವೆ. ರಾತ್ರಿಗೆ ಅಂತ ಬರೆದಿರೋ ದೊಡ್ಡದನ್ನೇ ಮತ್ತೆ ಮತ್ತೆ ತರಿಸ್ತಾಳೆ. ನಿಮ್ಮ ಮೇಡಂಗೆ ಆ ದೊಡ್ಡದು ಒಂದೇ ಯಾಕೆ ಇಷ್ಟೊಂದು ಬೇಕು? ದೊಡ್ಡವರ ವ್ಯವಹಾರ, ನನಗೆ ತಿಳಿಯಲ್ಲ. ಅಂಗಡಿಯ ಹುಡುಗಿ ನನ್ನನ್ನ ನೋಡಿದ ಕೂಡಲೇ ಅದನ್ನೇ ಎತ್ತಿಕೊಡ್ತಾಳೆ.

ಇನ್ನೊಂದು. ಅವಳು ಬಹಳ ಇಳಿದು ಹೋಗಿದ್ದಾಳೆ. ಮುಖ ಸುಣ್ಣದ ಹಾಗಿದೆ. ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಕಿಟಕಿಯಿಂದ ಏನೋ ನೋಡೋ ಹಾಗೆ ನಟಿಸ್ತಾಳೆ. ಅಲ್ಲಿ ನೋಡೋಕೆ ಏನೂ ಇಲ್ಲ, ಪಕ್ಕದ ಮನೆ ಗೋಡೆ. ಲಾಂಡ್ರಿ ಕೆಲಸ ಜಾಸ್ತಿಯಾಯ್ತು ಅಂತಾಳೆ. ನಿನ್ನ ಮಾತಾದರೆ ಕೇಳ್ತಾಳೆ, ಸ್ವಲ್ಪ ದಿನ ರಜೆ ಹಾಕು ಅಂತ ಹೇಳು.

ನಿನ್ನ ಭಾವ


ಮೇ ೧೧

ಅಕ್ಕಾ,

ಒಂದು ಪಾರ್ಸಲ್ಲೂ ಬಂದಿಲ್ಲ.

ಭಾವನ ಕಾಗದ ಓದಿದೆ. ಅವರು ತಂದದ್ದೆಲ್ಲ ಎಲ್ಲಿಗೆ ಹೋಯ್ತು ಅಂತ ಒಂದು ಕ್ಷಣ ನನಗೂ ತಿಳೀಲಿಲ್ಲ. ಅಂಚೆಯವರು ಕಳೆದರೇನೋ ಅಂದುಕೊಂಡೆ. ಆಮೇಲೆ ನಿನ್ನ ಕಾಗದಗಳನ್ನ ತೆಗೆದು ಓದಿದೆ. ಪದ ಹುಡುಕೋಕಲ್ಲ, ನೀನು ಏನು ಹೇಳಿದ್ದೀಯ ಅಂತ. 'ನಿಂತು ಎರಡು ವರ್ಷದ ಮೇಲಾಗಿತ್ತು' ಅಂತ ನೀನು ಬರೆದಿದ್ದೆ. ನಾನು ಪಕ್ಕದ ಟೇಬಲ್ಲಿನವಳಿಗೆ ಅದನ್ನ ಹೇಳಲೇ ಇಲ್ಲ. ನೀನು ಕೇಳು ಅಂದಿದ್ದೇ ಬೇರೆ, ನಾನು ಕೇಳಿದ್ದೇ ಬೇರೆ, ಅವಳ ಉತ್ತರವನ್ನೇ ನಿನಗೆ ಬರೆದು ಕೂತೆ.

ನಿನ್ನೆ ಕಂಪನಿಯ ಡಾಕ್ಟರಮ್ಮನ ಹತ್ತಿರ ಹೋಗಿ ಸರಿಯಾಗಿ ಹೇಳಿದೆ. ಅವರು ಬರೀತಿದ್ದ ಪೆನ್ನು ಕೆಳಗಿಟ್ಟರು. ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ತೋರಿಸಬೇಕಂತೆ. ಕಾಯಬಾರದಂತೆ. ಏನೂ ಇಲ್ಲದೆಯೂ ಇರಬಹುದು, ಇರಲೂಬಹುದು, ನೋಡದೆ ಹೇಳೋಕಾಗಲ್ಲ ಅಂದರು. 'ಯಾರು ಆ ಹೆಂಗಸು?' ಅಂದರು. ನನ್ನ ಅಕ್ಕ ಅಂದೆ.

ಆ ಬೆಡ್‌ಶೀಟಿನ ಮಧ್ಯೆ ನಿಂತವಳು ನೀನೇ ತಾನೆ? ಇಲ್ಲ ಅನ್ನು ಅಕ್ಕ. ಬೇರೆ ಯಾರೋ ಅನ್ನು, ನನಗೆ ಬೈದು ಬರೆ, ನನ್ನ ಊಹೆ ಸುಳ್ಳಾದರೆ ಸಾಕು. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನು ಬಿಸಿಲು ಚೆನ್ನಾಗಿದೆ ಅಂತ ಹೇಳಿ ಫೋನನ್ನು ಭಾವನಿಗೆ ಕೊಟ್ಟೆ. ಅವರಿಗೇ ಹೇಳಿಬಿಡೋಣ ಅಂದುಕೊಂಡೆ. ಗುರುತಿಲ್ಲದ ಗಂಡಸರ ಮುಂದೆ ಮೈಕ್ ಹಿಡಿದು ದಿನವಿಡೀ ಅದೇ ಪದಗಳನ್ನ ಹೇಳೋಳು ನಾನು. ಭಾವನ ಹತ್ತಿರ 'ಅಕ್ಕನಿಗೆ...' ಅಂತ ಶುರು ಮಾಡಿ, 'ಅಕ್ಕನಿಗೆ ಹುಷಾರು ಅಂತ ಹೇಳಿ' ಅಂದು ಇಟ್ಟೆ. ನನಗೇ ನಾನು ಅರ್ಥವಾಗ್ತಿಲ್ಲ.

ಅದಕ್ಕೇ ಅವರಿಗೂ ಇವತ್ತೇ ಬೇರೆ ಕಾಗದ ಹಾಕಿದ್ದೀನಿ. ಎಲ್ಲ ಬಿಡಿಸಿ ಬರೆದಿದ್ದೀನಿ. ನಿನಗೆ ಸಿಟ್ಟು ಬರಲಿ. ಡಾಕ್ಟರ ಹತ್ತಿರ ಹೋಗು. ನನಗೆ ಇಂಗ್ಲಿಷ್ ಪದ ಒಂದೂ ಬೇಡ, ಏನಾಗ್ತಿದೆ ಅಂತ ನಮ್ಮ ಮಾತಲ್ಲಿ ಬರೆ.

ನಿನ್ನ ತಂಗಿ


ಮೇ ೩೦

ತಂಗೀ,

ಹೌದು, ನಾನೇ. ನನಗೆ ರಕ್ತ ಹೋಗ್ತಿದೆ. ಜನವರಿಯಿಂದ. ಸಾಕಾ?

ನಿನ್ನ ಕಾಗದ ಓದಿ ಮುಗಿಸಿ ನಿಮ್ಮ ಭಾವ ಮೇಜಿನ ಮೇಲೆ ಉಳಿದಿದ್ದ ಪ್ಯಾಕೆಟ್‌ಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿದರು. 'ನಾನು ಆಟ ಆಡ್ತಿದ್ದೆ' ಅಂದರು ಅಷ್ಟೇ. ಅಂಗಡಿ ಬಾಗಿಲು ಹಾಕಿ ನನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋದರು. ಡಾಕ್ಟರಮ್ಮ ದಿನಕ್ಕೆ ಎಷ್ಟು ಬದಲಾಯಿಸ್ತೀರಿ, ಯಾವುದು ಹಾಕ್ತೀರಿ ಅಂತ ಕೇಳಿದಳು. ನನಗೆ ಎಲ್ಲಾ ದೇಶದ ಹೆಸರೂ ಗೊತ್ತು, ಯಾವುದು ಹೇಳಬೇಕೋ ತಿಳೀಲಿಲ್ಲ. ಪಕ್ಕದಲ್ಲಿ ನಿಮ್ಮ ಭಾವ, 'ರಾತ್ರಿಗೆ ಹಾಕೋ ದೊಡ್ಡದು, ರೆಕ್ಕೆ ಇರೋದು, ದಿನಕ್ಕೆ ಒಂದು ಪ್ಯಾಕೆಟ್ಟೂ ಸಾಲಲ್ಲ' ಅಂದರು. ತಂದವರು ಅವರೇ ತಾನೆ. ಆ ಡಾಕ್ಟರ್ ನನ್ನ ಬಿಟ್ಟು ಅವರನ್ನೇ ನೋಡಿ ಬರ್ಕೊಂಡಳು.

ಗರ್ಭಕೋಶದಲ್ಲಿ ಕೆಟ್ಟ ಗಡ್ಡೆ ಇದೆ. ತುಣುಕು ತೆಗೆದು ಪರೀಕ್ಷೆ ಮಾಡಿದರು. ಗರ್ಭಕೋಶ ಪೂರ್ತಿ ತೆಗೀಬೇಕಂತೆ. ರಕ್ತ ಕಡಿಮೆಯಾಗಿದೆ ಅಂತ ಮೊದಲು ರಕ್ತ ಕೊಡ್ತಿದ್ದಾರೆ. ಜೂನ್ ಹದಿನೆಂಟಕ್ಕೆ ಆಪರೇಷನ್.

ಈಗ ಹೇಳ್ತೀನಿ ಕೇಳು. ಅಮ್ಮ ಹೋಗಿದ್ದು ಹೊಟ್ಟೆ ನೋವಿನಿಂದ ಅಲ್ಲ. ನೀನು ಚಿಕ್ಕವಳು, ನಿನಗೆ ಹಾಗೆ ಹೇಳಿದ್ದೆವು. ಅಮ್ಮನಿಗೂ ನಿಂತಿದ್ದು ಮತ್ತೆ ಶುರುವಾಗಿತ್ತು. ಅವಳ ಬಟ್ಟೆ ಒಗೀತಿದ್ದವಳು ನಾನು. ಅದಕ್ಕೇ ನನಗೆ ಕಾಣಿಸಿಕೊಂಡ ಮೊದಲ ದಿನವೇ ಇದೇನು ಅಂತ ಗೊತ್ತಾಯ್ತು. ಗೊತ್ತಾಗಿದ್ದಕ್ಕೇ ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ಹೌದು ಅಂದುಬಿಡ್ತಾರೆ ಅಂತ ಭಯ. ಏನೂ ಇಲ್ಲ ಅಂತ ಯಾರಾದರೂ ಒಬ್ಬರು ಹೇಳಲಿ ಅಂತ ಕಾಯ್ತಿದ್ದೆ. ನೀನು ಹೇಳಿದೆ. ನನಗೆ ಬೇಕಾಗಿದ್ದ ಮಾತು, ಅದಕ್ಕೇ ನಂಬಿದೆ.

ಆದರೂ ನಿನ್ನ ಮೇಲೆ ಹೊಟ್ಟೆ ಉರೀತಿದೆ ಕಣೆ. ಮೊದಲನೇ ಕಾಗದದಲ್ಲೇ ಹೇಳಿದ್ದೆ. ಎರಡನೇದರಲ್ಲಿ, ಗೋಡೆ ಹಿಡ್ಕೊಂಡು ನಿಲ್ತಾಳೆ, ಯಾರಿಗೂ ಹೇಳಿಲ್ಲ ಅಂತ ಬರೆದೆ. ಆ ಹೆಂಗಸು ಬದುಕ್ತಾಳಾ ಅಂತ ಒಂದು ಮಾತು ಕೇಳ್ತೀಯೇನೋ ಅಂದುಕೊಂಡೆ. ನೀನು ಚಪ್ಪಾಳೆ ಬಿತ್ತು ಅಂತ ಬರೆದೆ.

ನೀನು ಬರಬೇಡ. ಆಪರೇಷನ್ನೂ ನೀನೂ ಎರಡನ್ನೂ ಒಟ್ಟಿಗೆ ತಡ್ಕೊಳ್ಳೋ ಶಕ್ತಿ ನನಗಿಲ್ಲ.

ಅಕ್ಕ


ಜೂನ್ ೧೯
ಆಸ್ಪತ್ರೆಯ ಕೆಳಗಿನ ಹಾಲ್

ಅಕ್ಕಾ,

ಬರಬೇಡ ಅಂದೆ, ಬಂದಿದ್ದೀನಿ. ನಿನ್ನೆ ಬೆಳಗ್ಗೆ ನಿನ್ನನ್ನ ಒಳಗೆ ಕರ್ಕೊಂಡು ಹೋಗುವಾಗಲೇ ಇಲ್ಲಿದ್ದೆ. ನಿನಗೆ ಹೇಳಬೇಡಿ ಅಂತ ಭಾವನ ಬಾಯಿ ಕಟ್ಟಿ ಹಾಕಿದ್ದೆ. ಅವರಿಗೆ ಬೈಬೇಡ.

ಇಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕಾಫಿ ಮಷೀನು, ಯಾರದೋ ಮಗು ನನ್ನ ಚಪ್ಪಲಿ ಹಿಡ್ಕೊಂಡು ಎಳೀತಿದೆ. ಎಲ್ಲ ಚೆನ್ನಾಗಿ ಆಯ್ತು, ಕಣ್ಣಿಗೆ ಕಾಣಿಸೋ ಮಟ್ಟಿಗೆ ಬೇರೆಲ್ಲೂ ಹರಡಿಲ್ಲ, ಉಳಿದದ್ದು ಲ್ಯಾಬಿನವರು ಹೇಳಬೇಕು ಅಂತ ಡಾಕ್ಟರ್ ಭಾವನಿಗೆ ಹೇಳಿದರಂತೆ. ಅದನ್ನ ಕೇಳಿ ನಾನು ಅಳೋದು ನೋಡಿ ಆ ಮಗುವೂ ಅಳೋಕೆ ಶುರು ಮಾಡಿತು. ಅದರ ತಾಯಿ ಇಬ್ಬರಿಗೂ ಬಿಸ್ಕತ್ತು ಕೊಟ್ಟಳು.

ನಾನು ಏನು ಬರೀಬೇಕು ಅಂತ ಗೊತ್ತಾಗ್ತಿಲ್ಲ. ತಪ್ಪಾಯ್ತು ಅಂತ ಬರೆದು ಹರಿದು ಹಾಕಿದೆ, ಅದು ಬಹಳ ಸಣ್ಣದಾಯ್ತು. ನೀನು ಹೇಳದೆ ಮೇಲಕ್ಕೆ ಬರಲ್ಲ. ಬೇಡ ಅಂದರೆ ಇಲ್ಲೇ ಕೂತಿರ್ತೀನಿ, ನಿನ್ನನ್ನ ಮನೆಗೆ ಕಳಿಸೋವರೆಗೂ. ಈ ಚೀಟಿ ಭಾವನ ಕೈಯಲ್ಲಿ ಕೊಡ್ತಿದ್ದೀನಿ.

ನೋವಿದೆಯಾ ಅಕ್ಕ?

ತಂಗಿ


(ಅದೇ ಚೀಟಿಯ ಹಿಂಬದಿಯಲ್ಲಿ, ಅದೇ ದಿನ)

ಇದೆ. ಬಹಳ ಇದೆ.

ಮೇಲೆ ಬಾ. ಬೈಯೋದು ತುಂಬಾ ಇದೆ, ಬರೆಯೋಕೆ ಕೈ ಏಳ್ತಿಲ್ಲ.